ಬೆಳಕು ಬಿದ್ದರೆ ಮಾತ್ರ ಕೊಲ್ಲುವ ಮದ್ದು

1897–98ರ ಚಳಿಗಾಲ. ಜರ್ಮನಿಯ ಮ್ಯೂನಿಕ್ ನಗರದ ಒಂದು ಪ್ರಯೋಗಾಲಯದಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸ್ವಲ್ಪ ಬೇಸರದ ಕೆಲಸಕ್ಕೆ ಕೂತಿದ್ದ. ಗುರು ಹರ್ಮನ್ ಫಾನ್ ಟಾಪೈನರ್ ಒಪ್ಪಿಸಿದ್ದ ಕೆಲಸ ಅದು. ಕೊಳದ ನೀರಿನಲ್ಲಿ ಸಿಗುವ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಅಕ್ರಿಡಿನ್ ಬಣ್ಣದ ತೆಳು ದ್ರಾವಣದಲ್ಲಿ ಬಿಡಬೇಕು, ಅವು ಸಾಯಲು ಎಷ್ಟು ಹೊತ್ತು ಬೇಕೆಂದು ಬರೆದಿಡಬೇಕು. ಬಣ್ಣದ ಪ್ರಮಾಣ ಅದೇ, ಜೀವಿಯೂ ಅದೇ. ಆದರೂ ಒಂದು ದಿನದ ಲೆಕ್ಕ ಇನ್ನೊಂದು ದಿನದ ಲೆಕ್ಕಕ್ಕೆ ಕೂಡಿ ಬರಲಿಲ್ಲ. ಒಮ್ಮೆ ಬೇಗ ಸತ್ತವು, ಇನ್ನೊಮ್ಮೆ ಹಲವು ಪಟ್ಟು ಹೆಚ್ಚು ಹೊತ್ತು ಬದುಕಿದವು.

ಬೇರೆ ಯಾರಾದರೂ ಆಗಿದ್ದರೆ ದ್ರಾವಣ ಕೆಟ್ಟಿದೆ ಎಂದು ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ರಾಬ್ ಹಾಗೆ ಮಾಡಲಿಲ್ಲ. ಜೀವಿಗಳು ಹೆಚ್ಚು ಹೊತ್ತು ಬದುಕಿದ ದಿನ ಗುಡುಗು ಮಳೆ ಬಂದು ಆಕಾಶ ಕಪ್ಪಾಗಿತ್ತು ಎಂಬುದು ಅವನಿಗೆ ಹೊಳೆಯಿತು. ಬಣ್ಣ ಹಾಕಿದ ಲೋಟಗಳಲ್ಲಿ ಕೆಲವನ್ನು ಕತ್ತಲಲ್ಲಿ, ಕೆಲವನ್ನು ಕಿಟಕಿಯ ಬಳಿ ಇಟ್ಟು ನೋಡಿದ. ಬಣ್ಣವೊಂದೇ ಇದ್ದಾಗ ಜೀವಿಗಳು ಆರಾಮವಾಗಿ ಈಜಾಡಿದವು. ಬೆಳಕೊಂದೇ ಬಿದ್ದಾಗಲೂ ಏನೂ ಆಗಲಿಲ್ಲ. ಎರಡೂ ಕೂಡಿದಾಗ ಸತ್ತವು. 1900ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಬೆಳಕು ಬೀಳುವವರೆಗೆ ತೆಪ್ಪಗಿದ್ದು, ಬಿದ್ದೊಡನೆ ವಿಷವಾಗುವ ದ್ರವ್ಯಗಳ ವಿಜ್ಞಾನ ಆರಂಭವಾದದ್ದು ಹೀಗೆ.

ಟಾಪೈನರ್ ಮತ್ತು ಅವರ ಸಹೋದ್ಯೋಗಿ ಯೋಡ್ಲ್‌ಬಾವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಣ್ಣ, ಬೆಳಕು ಎರಡೇ ಸಾಲದು, ಆಮ್ಲಜನಕವೂ ಇರಬೇಕು ಎಂದು 1904ರ ವೇಳೆಗೆ ಕಂಡುಕೊಂಡು, ಈ ಕ್ರಿಯೆಗೆ 'ಫೋಟೊಡೈನಾಮಿಕ್' ಎಂದು ಹೆಸರಿಟ್ಟರು. ಇಂದಿಗೂ ವೈದ್ಯರ ಬಾಯಲ್ಲಿ ಇರುವುದು ಇದೇ ಹೆಸರು.

ಒಳಗೆ ನಡೆಯುವುದು ಏನು? ಬಣ್ಣದ ಅಣು ತನಗೆ ಒಗ್ಗುವ ಬೆಳಕನ್ನು ಹೀರಿ ಶಕ್ತಿ ತುಂಬಿಕೊಳ್ಳುತ್ತದೆ. ಆ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸಿ ತಾನು ಮೊದಲಿನ ಸ್ಥಿತಿಗೆ ಮರಳುತ್ತದೆ. ಮತ್ತೆ ಬೆಳಕು ಹೀರಲು ಸಿದ್ಧ. ಶಕ್ತಿ ಪಡೆದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಕ್ಸಿಜನ್ ಎನ್ನುತ್ತಾರೆ. ಇದು ಮುಂಗೋಪಿ. ಕೊಬ್ಬು, ಪ್ರೋಟೀನು, ಡಿಎನ್ಎ, ಯಾವುದು ಎದುರಾದರೂ ಅದನ್ನು ಉತ್ಕರ್ಷಿಸಿ ಹಾಳು ಮಾಡುತ್ತದೆ. ನೀರಿನಲ್ಲಿ ಇದರ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಷ್ಟು. ಅಷ್ಟರಲ್ಲಿ ಒಂದು ಬ್ಯಾಕ್ಟೀರಿಯದ ಉದ್ದವನ್ನೂ ಅದು ದಾಟಲಾರದು. ಹಾಗಾಗಿ ಬಣ್ಣ ಎಲ್ಲಿ ಅಂಟಿಕೊಂಡಿದೆಯೋ ಅಲ್ಲೇ ಸಾವು. ಬಣ್ಣವನ್ನು ಶತ್ರುವಿನ ಮೈಗೆ ಅಂಟಿಸುವುದು, ಬೆಳಕನ್ನು ಬೇಕಾದ ಕಡೆಗಷ್ಟೇ ಬಿಡುವುದು, ಈ ಎರಡು ಹಿಡಿತ ಸಿಕ್ಕರೆ ವೈದ್ಯರ ಕೈಗೆ ಒಳ್ಳೆಯ ಆಯುಧವೇ ಸಿಕ್ಕಂತೆ.

ಇದೇ ಕಾಲದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಫಿನ್ಸೆನ್ ಎಂಬ ವೈದ್ಯರು ಬಣ್ಣವಿಲ್ಲದೆ, ಬರೀ ಬೆಳಕಿನಿಂದಲೇ ಚರ್ಮದ ಕ್ಷಯವನ್ನು ಗುಣಪಡಿಸುತ್ತಿದ್ದರು. ಮೂಗು, ಕೆನ್ನೆಗಳನ್ನು ನಿಧಾನವಾಗಿ ತಿಂದುಹಾಕುತ್ತಿದ್ದ ಆ ರೋಗ ಬಂದವರು ಮುಖ ಮುಚ್ಚಿಕೊಂಡು ಓಡಾಡಬೇಕಿತ್ತು. ಫಿನ್ಸೆನ್‌ರ ಮೊದಲ ರೋಗಿ ಒಬ್ಬ ಎಂಜಿನಿಯರ್. 1895ರಲ್ಲಿ ಚಿಕಿತ್ಸೆ ನಡೆದದ್ದು ಆಸ್ಪತ್ರೆಯಲ್ಲೂ ಅಲ್ಲ, ನಗರದ ವಿದ್ಯುತ್ ದೀಪದ ಕಾರ್ಖಾನೆಯಲ್ಲಿ. ಮುಂದೆ ಅವರ ಸಂಸ್ಥೆಯಲ್ಲಿ ಕಾರ್ಬನ್ ಆರ್ಕ್ ದೀಪದ ಸುತ್ತ ರೋಗಿಗಳನ್ನು ಮಲಗಿಸುತ್ತಿದ್ದರು. ಪ್ರತಿ ರೋಗಿಯ ಪಕ್ಕದಲ್ಲಿ ಒಬ್ಬ ದಾದಿ ಕೂತು, ತಣ್ಣೀರು ಹರಿಯುವ ಮಸೂರವನ್ನು ಹುಣ್ಣಿನ ಮೇಲೆ ಒತ್ತಿ ಹಿಡಿಯುತ್ತಿದ್ದಳು. ಒತ್ತಿದಾಗ ರಕ್ತ ಸರಿದು ಬೆಳಕು ಆಳಕ್ಕೆ ಇಳಿಯಲಿ ಎಂಬುದು ಲೆಕ್ಕಾಚಾರ. ತಿಂಗಳುಗಟ್ಟಲೆ ಹೀಗೆ ನಡೆಯಬೇಕಿತ್ತು. 1903ರಲ್ಲಿ ಫಿನ್ಸೆನ್‌ರಿಗೆ ನೊಬೆಲ್ ಬಹುಮಾನ ಬಂತು. ಬಹುಕಾಲದಿಂದ ಕಾಯಿಲೆಯಲ್ಲಿದ್ದ ಅವರು ಮರುವರ್ಷವೇ ತೀರಿಕೊಂಡರು.

ಅತಿನೇರಳೆ ಕಿರಣ ಬ್ಯಾಕ್ಟೀರಿಯಗಳನ್ನು ಸುಟ್ಟಿತು ಎಂದೇ ನೂರು ವರ್ಷ ಎಲ್ಲರೂ ನಂಬಿದ್ದರು. 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಫಿನ್ಸೆನ್‌ರ ಹಳೆಯ ಮಸೂರಗಳನ್ನೇ ಹೊರತೆಗೆದು ಪರೀಕ್ಷಿಸಿದರು. 340 ನ್ಯಾನೋಮೀಟರಿಗಿಂತ ಕಿರಿದಾದ ತರಂಗಗಳನ್ನು ಅವು ಒಳಗೆ ಬಿಡುತ್ತಲೇ ಇರಲಿಲ್ಲ! ಎಂದರೆ, ಬ್ಯಾಕ್ಟೀರಿಯಗಳನ್ನು ನೇರವಾಗಿ ಕೊಲ್ಲಬಲ್ಲ ಅತಿನೇರಳೆ ಕಿರಣ ರೋಗಿಯ ಮೈ ತಲುಪಿರಲೇ ಇಲ್ಲ. ಹಾಗಾದರೆ ಗುಣವಾದದ್ದು ಹೇಗೆ? ಕ್ಷಯದ ಬ್ಯಾಕ್ಟೀರಿಯ ತನ್ನೊಳಗೆ ತಾನೇ ಪಾರ್ಫಿರಿನ್ ಎಂಬ ದ್ರವ್ಯವನ್ನು ತಯಾರಿಸಿಕೊಳ್ಳುತ್ತದೆ. ನೀಲಿ-ನೇರಳೆ ಬೆಳಕು ಬಿದ್ದಾಗ ಅದೇ ಅದಕ್ಕೆ ಮುಳುವಾಯಿತು ಎಂಬುದು ಆ ಸಂಶೋಧಕರ ವಿವರಣೆ. ಚಿಕಿತ್ಸೆ ಸರಿಯಿತ್ತು, ಕಾರಣ ಮಾತ್ರ ತಪ್ಪಾಗಿತ್ತು. ಇಂದು ಮೊಡವೆಗೆ ಚರ್ಮವೈದ್ಯರು ಕೊಡುವ ನೀಲಿ ಬೆಳಕೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಮೊಡವೆಯ ಬ್ಯಾಕ್ಟೀರಿಯದ ಒಡಲಲ್ಲೂ ಪಾರ್ಫಿರಿನ್ ಇದೆ.

ಪಾರ್ಫಿರಿನ್ ಮನುಷ್ಯನಿಗೇನೂ ಬಂಧುವಲ್ಲ. ಇದನ್ನು ತೋರಿಸಲು 1912ರಲ್ಲಿ ಫ್ರೀಡ್ರಿಕ್ ಮೇಯರ್-ಬೆಟ್ಸ್ ಎಂಬ ಜರ್ಮನ್ ವೈದ್ಯ 200 ಮಿಲಿಗ್ರಾಂ ಹಿಮಾಟೋಪಾರ್ಫಿರಿನ್ನನ್ನು ತನ್ನ ಮೈಗೇ ಚುಚ್ಚಿಕೊಂಡ. ಬಿಸಿಲು ತಾಗಿದ ಕಡೆಯೆಲ್ಲ ಉರಿದು, ಮುಖ ಗುರುತು ಸಿಗದಷ್ಟು ಊದಿಕೊಂಡಿತು. ತಿಂಗಳುಗಳೇ ಕಳೆದರೂ ಆ ಸೂಕ್ಷ್ಮತೆ ಹೋಗಲಿಲ್ಲ. ನಮ್ಮ ಕಾಡಂಚಿನ ಊರುಗಳ ದನಕಾಯುವವರು ಇದರ ಇನ್ನೊಂದು ರೂಪವನ್ನು ಬಲ್ಲರು. ಮೇವಿಲ್ಲದ ಕಾಲದಲ್ಲಿ ಲಂಟಾನ ಮೇಯ್ದ ದನಕ್ಕೆ ಯಕೃತ್ತು ಕೆಡುತ್ತದೆ. ಹುಲ್ಲಿನ ಹಸಿರಿನಿಂದ ಹುಟ್ಟುವ ಒಂದು ಪಾರ್ಫಿರಿನ್, ಪಿತ್ತದಲ್ಲಿ ಹೊರಹೋಗಬೇಕಾದದ್ದು, ರಕ್ತದಲ್ಲಿ ಉಳಿದುಬಿಡುತ್ತದೆ. ಆಮೇಲೆ ಬಿಸಿಲಿಗೆ ನಿಂತರೆ ಮೂತಿ, ಕಿವಿ, ಕೆಚ್ಚಲಿನ ಚರ್ಮ ಬಿರಿಯುತ್ತದೆ. ಕಪ್ಪುಬಿಳಿ ಮಚ್ಚೆಯ ದನದಲ್ಲಿ ಬಿಳಿ ಭಾಗವಷ್ಟೇ ಸುಲಿದು, ಕಪ್ಪು ಭಾಗ ಹಾಗೇ ಉಳಿಯುವುದುಂಟು. ಅಂಥ ದನವನ್ನು ನೆರಳಿಗೆ ಕಟ್ಟಿ ಎಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೇ.

ಇಷ್ಟೆಲ್ಲ ತಿಳಿದ ಮೇಲೂ ಈ ವಿದ್ಯೆ ಮೂಲೆ ಸೇರಿತು. ಸಲ್ಫಾ ಮದ್ದುಗಳು ಬಂದವು, ಪೆನಿಸಿಲಿನ್ ಬಂತು, ಸ್ಟ್ರೆಪ್ಟೊಮೈಸಿನ್ ಬಂತು. ಒಂದು ಗುಳಿಗೆಯೋ ಒಂದು ಸೂಜಿಯೋ ಸಾಕಾಗಿರುವಾಗ ದೀಪದ ಕೆಳಗೆ ಮಲಗುವವರು ಯಾರು? ಬೆಳಕು ಮತ್ತು ಬಣ್ಣದ ಜೋಡಿ ಮುಂದೆ ಕ್ಯಾನ್ಸರ್ ವೈದ್ಯರ ಪಾಲಾಯಿತು.

ಮತ್ತೆ ಬ್ಯಾಕ್ಟೀರಿಯಗಳ ಕಡೆಗೆ ಅದನ್ನು ಎಳೆದು ತಂದದ್ದು ಗುಳಿಗೆಗಳ ಸೋಲು. ಆಂಟಿಬಯೋಟಿಕ್‌ಗೆ ಬಗ್ಗದ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಜನ ಸತ್ತರು ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜು ಹೇಳುತ್ತದೆ. ಸಾಮಾನ್ಯವಾಗಿ ಒಂದು ಆಂಟಿಬಯೋಟಿಕ್ ಬ್ಯಾಕ್ಟೀರಿಯದ ಒಂದು ಕಿಣ್ವವನ್ನೋ ಒಂದು ಭಾಗವನ್ನೋ ಗುರಿ ಇಡುತ್ತದೆ. ಬ್ಯಾಕ್ಟೀರಿಯ ಆ ಒಂದನ್ನು ಮಾರ್ಪಡಿಸಿಕೊಂಡರೆ ಮದ್ದು ವ್ಯರ್ಥ. ಸಿಂಗ್ಲೆಟ್ ಆಕ್ಸಿಜನ್‌ಗೆ ಇಂಥದ್ದೇ ಎಂಬ ಗುರಿ ಇಲ್ಲ, ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಗಳಿಗೆ ಕಷ್ಟ. ಆಂಟಿಬಯೋಟಿಕ್‌ಗೆ ಜಗ್ಗದ ತಳಿಗಳೂ ಬಣ್ಣ-ಬೆಳಕಿಗೆ ಬಲಿಯಾಗುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಇದನ್ನು ಹತ್ತಿರದಿಂದ ನೋಡಲು ಕೆನಡಾದ ವ್ಯಾಂಕೂವರ್ ಜನರಲ್ ಆಸ್ಪತ್ರೆಗೆ ಹೋಗಬೇಕು. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ತಕರಾರಿಲ್ಲದೆ ವಾಸವಾಗಿರುತ್ತದೆ. ಆಪರೇಷನ್ ಆದಾಗ ಅದೇ ಗಾಯಕ್ಕೆ ಇಳಿದು ಕೀವು ಕಟ್ಟಿಸುವುದುಂಟು. ಇದನ್ನು ತಡೆಯಲು ಮೂಗಿಗೆ ಹಚ್ಚುವ ಮ್ಯುಪಿರೋಸಿನ್ ಮುಲಾಮು ಇದೆ. ಆದರೆ ಅದನ್ನು ದಿನಕ್ಕೆರಡು ಸಲ ಐದು ದಿನ ಹಚ್ಚಬೇಕು, ರೋಗಿ ಮರೆಯುತ್ತಾನೆ, ಜೊತೆಗೆ ಪ್ರತಿರೋಧದ ಕಾಟ. ವ್ಯಾಂಕೂವರ್‌ನವರು ಆಪರೇಷನ್ನಿಗೆ ಒಯ್ಯುವ ಮುಂಚೆ, ಸರದಿಗೆ ಕಾಯುತ್ತ ಮಲಗಿದ ರೋಗಿಯ ಎರಡೂ ಹೊಳ್ಳೆಗಳಿಗೆ ಮೆಥಿಲೀನ್ ಬ್ಲೂ ಅದ್ದಿದ ಹತ್ತಿಕಡ್ಡಿ ಸವರಿದರು. ಬಳಿಕ ಸಣ್ಣ ನಳಿಗೆಯ ತುದಿಯನ್ನು ಹೊಳ್ಳೆಯೊಳಗಿಟ್ಟು ಕೆಂಪು ಬೆಳಕು ಬಿಟ್ಟರು. ಕೆಲವೇ ನಿಮಿಷದ ಕೆಲಸ. ನೋವಿಲ್ಲ, ಅರಿವಳಿಕೆ ಬೇಡ. ಹೊಳ್ಳೆ ನೀಲಿಯಾಗಿ, ದೀಪ ಹಾಕಿದಾಗ ಮೂಗು ಒಳಗಿನಿಂದ ಕೆಂಪಗೆ ಹೊಳೆಯುತ್ತದೆ, ಅಷ್ಟೆ. ಮೈ ಒರೆಸಲು ಕ್ಲೋರ್‌ಹೆಕ್ಸಿಡಿನ್ ಬಟ್ಟೆಯನ್ನೂ ಕೊಟ್ಟಿದ್ದರು. 2011ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ 3,068 ರೋಗಿಗಳಿಗೆ ಹೀಗೆ ಮಾಡಿದಾಗ ಆಪರೇಷನ್ ಗಾಯದ ಸೋಂಕು ಶೇಕಡಾ 2.7ರಿಂದ 1.6ಕ್ಕೆ ಇಳಿಯಿತು.

ಹೋಲಿಸಿದ್ದು ಹಿಂದಿನ ವರ್ಷಗಳ ರೋಗಿಗಳ ಜೊತೆಗೆ, ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ಮೈ ಒರೆಸಿದ ಬಟ್ಟೆಗೆ ಎಷ್ಟು ಪಾಲು, ಬೆಳಕಿಗೆ ಎಷ್ಟು ಪಾಲು ಎಂದೂ ಬಿಡಿಸಿ ಹೇಳಲಾಗದು. ಹಾಗಿದ್ದರೂ ಸುಲಭದ, ಅಗ್ಗದ ಬಣ್ಣವೊಂದು ಇಷ್ಟು ಮಾಡಿದರೆ ಕಡಿಮೆಯೇನಲ್ಲ.

ಆ ಬಣ್ಣದ ಜಾತಕವೂ ಸ್ವಾರಸ್ಯಕರ. 1876ರಲ್ಲಿ ಜರ್ಮನಿಯಲ್ಲಿ ಹೈನ್ರಿಕ್ ಕಾರೊ ಮೆಥಿಲೀನ್ ಬ್ಲೂ ತಯಾರಿಸಿದ್ದು ಬಟ್ಟೆಗೆ ಬಣ್ಣ ಹಾಕಲು. 1891ರಲ್ಲಿ ಪಾಲ್ ಎರ್ಲಿಕ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಫದ ಸ್ಲೈಡಿನಲ್ಲಿ ಕ್ಷಯ ಪರೀಕ್ಷೆ ಮಾಡುವಾಗ, ಕೆಂಪು ಕಡ್ಡಿಗಳಂತೆ ಕಾಣುವ ಬ್ಯಾಕ್ಟೀರಿಯಗಳ ಹಿಂದೆ ಹರಡಿರುವ ನೀಲಿ ಇದರದೇ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ರೋಗಕ್ಕೆಂದು ಕೊಡುವ ನೀಲಿ ಹನಿಯೂ ಇದೇ.

ಮೊದಮೊದಲು ಒಂದು ದೊಡ್ಡ ತೊಡಕಿತ್ತು. ಸ್ಟಾಫಿಲೊಕಾಕಸ್‌ನಂಥ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಗಳು ಸುಲಭವಾಗಿ ಸಾಯುತ್ತಿದ್ದವು. ಇ. ಕೋಲಿ, ಸ್ಯೂಡೊಮೊನಾಸ್‌ನಂಥ ಗ್ರಾಂ-ನೆಗೆಟಿವ್‌ಗಳು ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಇವುಗಳ ಗೋಡೆಗೆ ಹೊರಗಡೆ ಇನ್ನೊಂದು ಪೊರೆ ಇದೆ. ಅದರ ಮೇಲೆ ಋಣ ವಿದ್ಯುದಂಶ. ಋಣ ಅಥವಾ ತಟಸ್ಥ ಬಣ್ಣಗಳು ಅದಕ್ಕೆ ಅಂಟುವುದಿಲ್ಲ. ಧನ ವಿದ್ಯುದಂಶ ಹೊತ್ತ ಬಣ್ಣವಾದರೆ ತಾನಾಗಿ ಸೆಳೆಯಲ್ಪಟ್ಟು ಪೊರೆಯನ್ನು ಸಡಿಲಿಸಿ ಒಳಹೋಗುತ್ತದೆ. ಇಟಲಿಯ ಪಡುವಾದಲ್ಲಿ ಜೂಲಿಯೊ ಯೊರಿ ಅವರ ತಂಡ ಮತ್ತು ಇತರರು 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಬಾಗಿಲು ತೆರೆಯಿತು. ಮೆಥಿಲೀನ್ ಬ್ಲೂ ಹುಟ್ಟಿನಿಂದಲೇ ಧನ ವಿದ್ಯುದಂಶದ ಬಣ್ಣ. ಇದೇ ಗುಣ ಇನ್ನೊಂದು ಲಾಭ ತಂದಿದೆ: ನಮ್ಮ ದೇಹದ ಜೀವಕೋಶಗಳಿಗಿಂತ ಬೇಗ ಬ್ಯಾಕ್ಟೀರಿಯಗಳಿಗೆ ಅಂಟುತ್ತದೆ. ಬಣ್ಣ ಹಾಕಿ ಕೆಲವೇ ನಿಮಿಷದಲ್ಲಿ ದೀಪ ಹಚ್ಚಿದರೆ ನಮ್ಮ ಅಂಗಾಂಶ ಬಹುಮಟ್ಟಿಗೆ ಪಾರಾಗುತ್ತದೆ.

ಅದೇ ದಶಕದ ಆರಂಭದಲ್ಲಿ ಲಂಡನ್ನಿನ ಈಸ್ಟ್‌ಮನ್ ದಂತ ಸಂಸ್ಥೆಯಲ್ಲಿ ಮೈಕಲ್ ವಿಲ್ಸನ್ ತಂಡ ಟೊಲುಯಿಡಿನ್ ಬ್ಲೂ ಮತ್ತು ಕೆಂಪು ಲೇಸರಿನಿಂದ ಬಾಯಿಯ ಬ್ಯಾಕ್ಟೀರಿಯಗಳನ್ನು ಕೊಂದು ತೋರಿಸಿತ್ತು. ಒಸಡಿನ ಸಂದು, ಹಲ್ಲಿನ ಬೇರಿನ ನಾಳ, ಇವು ಬೆಳಕಿನ ತಂತು ತೂರಿಸಲು ಹೇಳಿ ಮಾಡಿಸಿದ ಜಾಗಗಳು. ದಂತವೈದ್ಯರು ಇದನ್ನು ಇಂದು ಒಸಡು ಕೆರೆದು ಶುಚಿ ಮಾಡುವ ಕೆಲಸದ ಜೊತೆಗೆ ಬಳಸುತ್ತಾರೆ, ಬದಲಿಗೆ ಅಲ್ಲ. ಬ್ರೆಜಿಲ್‌ನಲ್ಲಿ ನಮ್ಮ ಅಡುಗೆಮನೆಯ ಅರಿಶಿನದ ಕರ್ಕ್ಯುಮಿನ್ನಿಗೆ ನೀಲಿ ಬೆಳಕು ಕೂಡಿಸಿ ಬಾಯಿಯ ಸೋಂಕಿಗೆ ಪ್ರಯೋಗಿಸಿದ್ದಾರೆ.

ಬ್ರೆಜಿಲ್‌ನದೇ ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಹುಣ್ಣು ಮೂಳೆಗೆ ಇಳಿದರೆ ಬೆರಳೋ ಪಾದವೋ ಕತ್ತರಿಸುವ ಸ್ಥಿತಿ ಬರುತ್ತದೆ. ರಕ್ತ ಸರಿಯಾಗಿ ಹರಿಯದ ಕಾಲಿಗೆ ಗುಳಿಗೆಯ ಮದ್ದು ತಲುಪುವುದೂ ಕಷ್ಟ. ಸಾವೊ ಪಾಲೊ ಪ್ರಾಂತ್ಯದ ಎಬಿಸಿ ವೈದ್ಯಕೀಯ ಕಾಲೇಜಿನ ವೈದ್ಯರು 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಾಮೂಲಿ ಆಂಟಿಬಯೋಟಿಕ್ ಜೊತೆಗೆ ಹುಣ್ಣಿಗೆ ಬಣ್ಣ ತುಂಬಿ ಬೆಳಕು ಹಾಯಿಸಿದ 18 ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಅಂಗಚ್ಛೇದ ಬೇಕಾಯಿತು. ಆಂಟಿಬಯೋಟಿಕ್ ಮಾತ್ರ ಪಡೆದ 16 ಮಂದಿಯೂ ಅಂಗ ಕಳೆದುಕೊಂಡರು. ಇಷ್ಟು ಸಣ್ಣ ಸಂಖ್ಯೆಯಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು. ಆದರೆ ಸಕ್ಕರೆ ಕಾಯಿಲೆ ಇಷ್ಟು ಹರಡಿರುವ ನಮ್ಮ ನಾಡಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡುವುದು ನ್ಯಾಯ.

ಬೆಳಕಿನ ಮದ್ದು ಮೈಯೊಳಗೆ ಹೋಗದೆಯೂ ಜೀವ ಉಳಿಸುತ್ತದೆ. ಡೆಂಗಿ ಬಂದವರಿಗೆ ಕೆಲವೊಮ್ಮೆ ಏರಿಸುವ ಪ್ಲೇಟ್‌ಲೆಟ್‌ಗಳನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತ ಇಡುತ್ತಾರೆ. ಒಂದೆರಡು ಬ್ಯಾಕ್ಟೀರಿಯ ಚೀಲಕ್ಕೆ ಸೇರಿದರೂ ಬೆಳೆಯಲು ಅದು ಒಳ್ಳೆಯ ಹವೆ. ಇದಕ್ಕೆ ಅಮೊಟೊಸಾಲೆನ್ ಎಂಬ ದ್ರವ್ಯ ಬೆರೆಸಿ ಚೀಲದ ಮೇಲೆ ಅತಿನೇರಳೆ-ಎ ಬೆಳಕು ಬಿಡುವ ಪದ್ಧತಿಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಇಲ್ಲಿ ಆಮ್ಲಜನಕದ ಹಂಗಿಲ್ಲ. ಬೆಳಕು ಬಿದ್ದ ಕ್ಷಣ ಆ ದ್ರವ್ಯ ಬ್ಯಾಕ್ಟೀರಿಯದ ಡಿಎನ್ಎಯ ಎರಡು ಎಳೆಗಳನ್ನು ಹೊಲಿದುಬಿಡುತ್ತದೆ, ಮುಂದೆ ಅದು ಮರಿ ಹಾಕಲಾರದು. ಪ್ಲೇಟ್‌ಲೆಟ್‌ಗಳಿಗೆ ಕೋಶಕೇಂದ್ರದ ಡಿಎನ್ಎಯೇ ಇಲ್ಲವಾದ್ದರಿಂದ ಅವು ಬಚಾವು. ಅಮೊಟೊಸಾಲೆನ್ ಸೊರಾಲೆನ್ ಕುಲದ್ದು. ಆ ಕುಲದ ಮೂಲಪುರುಷ ಸೊರಾಲೆನ್ ಇರುವುದು ತೊನ್ನಿಗೆ ನಮ್ಮ ಹಿರಿಯರು ತೇಯ್ದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದ ಬಾವಂಚಿ ಬೀಜದಲ್ಲಿ. ಆ ಬೀಜದ ರಾಸಾಯನಿಕ ಪರೀಕ್ಷೆ ನಡೆಸಿ 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದವರು ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್.

ಸೋತ ಕಡೆಯನ್ನೂ ಹೇಳಬೇಕು. ಕಣ್ಣಿನ ಕಾರ್ನಿಯಾದ ಹುಣ್ಣಿಗೆ ರೈಬೋಫ್ಲೇವಿನ್, ಎಂದರೆ ಬಿ-2 ವಿಟಮಿನ್, ಹಾಕಿ ಅತಿನೇರಳೆ ಬೆಳಕು ಬಿಟ್ಟರೆ ಹುಣ್ಣು ಮಾಯುತ್ತದೆ ಎಂದು ದೊಡ್ಡ ಆಸೆಯಿತ್ತು. ಮಧುರೈನ ಅರವಿಂದ ಕಣ್ಣಾಸ್ಪತ್ರೆಯ ವೈದ್ಯರು ಶಿಲೀಂಧ್ರದಿಂದ ಹುಣ್ಣಾದ 111 ರೋಗಿಗಳಲ್ಲಿ, ಈ ಸಲ ಚೀಟಿ ಎತ್ತಿಯೇ, ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪಯೋಗ ಕಾಣಲಿಲ್ಲ, ಬೆಳಕು ಪಡೆದವರ ದೃಷ್ಟಿಯೇ ಸ್ವಲ್ಪ ಹೆಚ್ಚು ಕುಗ್ಗಿತ್ತು. ಅದು ಬ್ಯಾಕ್ಟೀರಿಯದ ಹುಣ್ಣಲ್ಲ, ನಿಜ. ಆದರೂ ಲೋಟದಲ್ಲಿ ಸತ್ತದ್ದು ಕಣ್ಣಲ್ಲೂ ಸಾಯಬೇಕೆಂಬ ನಿಯಮವೇನಿಲ್ಲ. ಹೊಳೆಯುವ ಪ್ರತಿ ಸುದ್ದಿಯನ್ನೂ ಇಂಥ ಪರೀಕ್ಷೆಯ ಒರೆಗೆ ಹಚ್ಚಿಯೇ ನಂಬಬೇಕು.

ಇನ್ನು ಹೊಸ ದ್ರವ್ಯಗಳು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಬೆನ್ ಫೆರಿಂಗಾ ಅವರ ತಂಡ 2013ರಲ್ಲಿ ಕ್ವಿನೊಲೋನ್ ಆಂಟಿಬಯೋಟಿಕ್‌ಗೆ ಬೆಳಕಿನ ಸ್ವಿಚ್ ಜೋಡಿಸಿತು. ಬೆಳಕು ಬಿದ್ದಾಗ ಅಣು ಆಕಾರ ಬದಲಿಸಿ ಮದ್ದಾಗುತ್ತದೆ, ಕೆಲವು ಗಂಟೆಗಳಲ್ಲಿ ತಾನೇ ಹಳೆಯ ಆಕಾರಕ್ಕೆ ಮರಳಿ ಸುಮ್ಮನಾಗುತ್ತದೆ. ಮೂತ್ರದ ಮೂಲಕ ಚರಂಡಿ, ಕೆರೆ ಸೇರಿ ಅಲ್ಲಿನ ಬ್ಯಾಕ್ಟೀರಿಯಗಳಿಗೆ ಪ್ರತಿರೋಧದ ಪಾಠ ಹೇಳುವ ಆಂಟಿಬಯೋಟಿಕ್‌ಗಳ ಕಾಲದಲ್ಲಿ ಇದು ಜಾಣತನದ ಯೋಚನೆ. ಅಣುಯಂತ್ರಗಳಿಗಾಗಿ ಫೆರಿಂಗಾ 2016ರಲ್ಲಿ ನೊಬೆಲ್ ಹಂಚಿಕೊಂಡರು. ಅಂಥದೇ ಯಂತ್ರಗಳನ್ನು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ತಂಡ 2022ರಲ್ಲಿ ಬ್ಯಾಕ್ಟೀರಿಯಗಳ ಮೇಲೆ ಬಿಟ್ಟಿತು. ನೀಲಿ-ನೇರಳೆ ಬೆಳಕು ಬಿದ್ದರೆ ಸೆಕೆಂಡಿಗೆ 20ರಿಂದ 30 ಲಕ್ಷ ಸುತ್ತು ತಿರುಗುವ ಆ ಅಣುಗಳು ಬ್ಯಾಕ್ಟೀರಿಯದ ಪೊರೆಯನ್ನು ಕೊರೆದು ತೂತು ಮಾಡುತ್ತವೆ. ಎರಡೂ ಇನ್ನೂ ಪ್ರಯೋಗಾಲಯದಲ್ಲೇ ಇವೆ. ಔಷಧ ಅಂಗಡಿಗೆ ಬಂದಿಲ್ಲ.

ಈ ಎಲ್ಲ ಮದ್ದುಗಳಿಗೂ ಬೆಳಕೇ ಬಲ, ಬೆಳಕೇ ಮಿತಿ. ನೀಲಿ ಬೆಳಕು ಚರ್ಮದಲ್ಲಿ ಒಂದು ಮಿಲಿಮೀಟರ್ ಇಳಿಯುವಷ್ಟರಲ್ಲಿ ಸೋಲುತ್ತದೆ. ಕೆಂಪು ಇನ್ನು ಕೆಲವು ಮಿಲಿಮೀಟರ್ ಹೋಗುತ್ತದೆ. ನ್ಯುಮೋನಿಯಾ, ರಕ್ತಕ್ಕೆ ಹರಡಿದ ನಂಜು, ಟೈಫಾಯ್ಡ್ ಇವಕ್ಕೆ ಈ ದಾರಿ ಇಂದು ಇಲ್ಲ. ಬಣ್ಣ-ಬೆಳಕಿನ ಚಿಕಿತ್ಸೆಯಲ್ಲಿ ದೀಪ ಆರಿಸಿದ ಮೇಲೆ ಪರಿಣಾಮವೂ ನಿಲ್ಲುತ್ತದೆ. ಅಳಿದುಳಿದ ಬ್ಯಾಕ್ಟೀರಿಯ ಮತ್ತೆ ಬೆಳೆಯಬಹುದು. ಮೂಗು, ಬಾಯಿ, ಚರ್ಮ, ತೆರೆದ ಗಾಯ, ರಕ್ತದ ಚೀಲ, ಇವು ಇದರ ಸೀಮೆ. ಆ ಸೀಮೆಯೊಳಗೆ ಇದು ಗುಳಿಗೆಯ ಕೆಲಸ ಹಗುರ ಮಾಡಬಲ್ಲದು. ಅದಕ್ಕಿಂತ ಹೆಚ್ಚು ಹೇಳಿದರೆ ಜಾಹೀರಾತಾಗುತ್ತದೆ.

ಕೇಳುಗರೆ, ಗಾಯಕ್ಕೆ ಅರಿಶಿನ ಮೆತ್ತಿ ಬಿಸಿಲಿಗೆ ಕೂತರೆ ಈ ಚಿಕಿತ್ಸೆ ಆಗುವುದಿಲ್ಲ. ಅಕ್ವೇರಿಯಂ ಅಂಗಡಿಯ ನೀಲಿ ಹನಿಯೂ ಮೂಗಿಗೆ ಹಾಕುವಂಥದ್ದಲ್ಲ. ಬಣ್ಣದ ಅಳತೆ, ಬೆಳಕಿನ ತರಂಗ, ಹೊತ್ತು ಮೂರೂ ಕೂಡಿದರೆ ಮಾತ್ರ ಅದು ಮದ್ದು. ವೈದ್ಯರು ಬರೆದ ಆಂಟಿಬಯೋಟಿಕ್ಕನ್ನು ನಡುವೆ ನಿಲ್ಲಿಸಬೇಡಿ. ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ ಇಲಿಜ್ವರಕ್ಕೆಂದು ಡಾಕ್ಸಿಸೈಕ್ಲಿನ್ ನುಂಗುತ್ತಿರುವವರಿಗೆ ಒಂದು ಮಾತು: ಆ ಮದ್ದು ಕೆಲವರ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ. ಅದು ಮುಗಿಯುವವರೆಗೆ ಗದ್ದೆ, ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಮುಂಡಾಸೋ ಟೊಪ್ಪಿಯೋ ಇರಲಿ. ಚರ್ಮ ಉರಿದು ಕೆಂಪಾದರೆ ಮದ್ದು ಬರೆದ ವೈದ್ಯರಿಗೆ ಹೇಳಿ.